ಗಾಯ ಮಾಗಿಸುವ ಕಾಂಡಕೋಶದ ರಸ: ತಿಳಿದಿರುವುದೆಷ್ಟು, ಮಾರುತ್ತಿರುವುದೆಷ್ಟು?

"ಹಕೀಮ್ ಸಾಹೇಬ್, ಅಬ್ಬಾನ ಕಾಲಿನ ಹುಣ್ಣಿಗೆ ಸ್ಟೆಮ್ ಸೆಲ್ ಹಾಕಿಸಿದರೆ ಬೆರಳು ಉಳಿಯುತ್ತದಂತೆ, ಹಾಕಿಸೋಣವೇ?" ಸಕ್ಕರೆ ಕಾಯಿಲೆಯವರಿರುವ ಮನೆಗಳಿಂದ ಈ ಪ್ರಶ್ನೆ ಈಗ ಆಗಾಗ ಬರುತ್ತದೆ. ಯಾರೋ ಮೊಬೈಲ್‌ಗೆ ಒಂದು ವೀಡಿಯೊ ಕಳಿಸಿರುತ್ತಾರೆ. ಅದರಲ್ಲಿ ಕಪ್ಪಾಗಿದ್ದ ಕಾಲು ಕೆಲವೇ ಸೆಕೆಂಡುಗಳಲ್ಲಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಖರ್ಚು ಕೇಳಿದರೆ ಲಕ್ಷದ ಲೆಕ್ಕ. ಮನೆಯ ಹೆಂಗಸರ ಬಳೆ, ಸರ ಅಡವಿಡುವ ಮಾತುಕತೆ ಆಗಲೇ ಶುರುವಾಗಿರುತ್ತದೆ.

ಇಂತಹ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸಿದರೆ ನಿಮಗೆ ಅನ್ಯಾಯವಾಗುತ್ತದೆ. ಏಕೆಂದರೆ ಈ ವಿಜ್ಞಾನ ಸುಳ್ಳಲ್ಲ. ಕಾಂಡಕೋಶಗಳು ಹೊರಬಿಡುವ ರಸ ಚರ್ಮದ ಗಾಯ ಮಾಗಲು ನೆರವಾಗುತ್ತದೆ ಎಂಬುದನ್ನು ಪ್ರಯೋಗಾಲಯಗಳು ಹಲವು ಬಾರಿ ಕಂಡಿವೆ. ಆದರೆ ಪ್ರಯೋಗಾಲಯದಲ್ಲಿ ಕಂಡದ್ದಕ್ಕೂ ನಿಮ್ಮ ಊರಿನ ಕ್ಲಿನಿಕ್ಕಿನಲ್ಲಿ ಹಣ ಪಡೆದು ಚುಚ್ಚುವುದಕ್ಕೂ ನಡುವೆ ದೊಡ್ಡ ಅಂತರವಿದೆ. ಆ ಅಂತರ ಎಲ್ಲಿದೆ ಎಂದು ತಿಳಿದುಕೊಂಡರೆ ಹಣವೂ ಉಳಿಯುತ್ತದೆ, ಕಾಲು ಉಳಿಯುವ ಸಾಧ್ಯತೆಯೂ ಹೆಚ್ಚುತ್ತದೆ.

ಗಾಯ ತಾನಾಗಿ ಮಾಗುವ ಬಗೆ

ಈರುಳ್ಳಿ ಹೆಚ್ಚುವಾಗ ಬೆರಳು ಕೊಯ್ದುಕೊಂಡಿರಿ ಎಂದಿಟ್ಟುಕೊಳ್ಳಿ. ಕೆಲವೇ ನಿಮಿಷಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಇದನ್ನು ಮಾಡುವುದು ರಕ್ತದಲ್ಲಿರುವ ಪ್ಲೇಟ್‌ಲೆಟ್ ಎಂಬ ಸಣ್ಣ ಬಿಲ್ಲೆಗಳು. ಆದರೆ ಅವುಗಳ ಕೆಲಸ ತೂತು ಮುಚ್ಚುವುದಷ್ಟೇ ಅಲ್ಲ. ಒಡೆಯುವಾಗ ಅವು ತಮ್ಮೊಳಗಿನ ಕೆಲವು ಪ್ರೋಟೀನ್‌ಗಳನ್ನು ಸುತ್ತಲೂ ಚೆಲ್ಲುತ್ತವೆ. ಇಲ್ಲಿ ಗಾಯವಾಗಿದೆ, ಬನ್ನಿ ಎಂದು ಉಳಿದ ಕೋಶಗಳನ್ನು ಕರೆಯುವ ಸಂಕೇತಗಳು ಅವು.

ಆ ಕರೆಗೆ ಮೊದಲು ಓಡಿ ಬರುವವು ಬಿಳಿ ರಕ್ತಕಣಗಳು. ಕ್ರಿಮಿಗಳನ್ನು ಕೊಲ್ಲುತ್ತವೆ, ಸತ್ತ ಚೂರುಗಳನ್ನು ತಿನ್ನುತ್ತವೆ. ಗಾಯದ ಸುತ್ತ ಕೆಂಪು, ಬಿಸಿ, ಊತ, ನೋವು ಕಾಣಿಸುವುದು ಆಗಲೇ. ಇದನ್ನೇ ಉರಿಯೂತ ಎನ್ನುತ್ತೇವೆ. ಬಹಳ ಜನ ಇದನ್ನು ಕಾಯಿಲೆ ಎಂದುಕೊಳ್ಳುತ್ತಾರೆ. ಮೊದಲ ಕೆಲವು ದಿನ ಇದು ಬೇಕೇ ಬೇಕು. ಆಮೇಲೆ ಮ್ಯಾಕ್ರೋಫೇಜ್ ಎಂಬ ದೊಡ್ಡ ಭಕ್ಷಕ ಕೋಶಗಳು ತಮ್ಮ ಸ್ವಭಾವ ಬದಲಿಸಿಕೊಳ್ಳುತ್ತವೆ. ಅಲ್ಲಿಯವರೆಗೆ ಕೊಲ್ಲುವ, ಕೆಡವುವ ಕೆಲಸದಲ್ಲಿದ್ದವು ಈಗ ಕಟ್ಟುವ ಕೆಲಸಕ್ಕೆ ಸಂಕೇತ ಕೊಡತೊಡಗುತ್ತವೆ. ಹೊಸ ರಕ್ತನಾಳ ಚಿಗುರುತ್ತದೆ. ಕೊಲಾಜನ್ ಎಂಬ ನಾರು ನೇಯುವ ಕೋಶಗಳು ಬಂದು ಗುಂಡಿ ತುಂಬುತ್ತವೆ. ಅಂಚಿನ ಚರ್ಮ ಒಳಮುಖವಾಗಿ ಹರಿದು ಮುಚ್ಚಿಕೊಳ್ಳುತ್ತದೆ. ಮುಚ್ಚಿದ ಮೇಲೂ ತಿಂಗಳುಗಟ್ಟಲೆ ಒಳಗೆ ನಾರು ಬಿಗಿಯಾಗುವ ಕೆಲಸ ನಡೆಯುತ್ತಿರುತ್ತದೆ. ಹಾಗಿದ್ದೂ ಹಳೆಯ ಗಾಯದ ಜಾಗ ಮೊದಲಿನ ಚರ್ಮದಷ್ಟು ಗಟ್ಟಿಯಾಗುವುದಿಲ್ಲ, ಹೆಚ್ಚೆಂದರೆ ಶೇಕಡಾ 80ರಷ್ಟು.

ಸಕ್ಕರೆ ಕಾಯಿಲೆಯವರಲ್ಲಿ ಈ ಸರಪಣಿ ಸಾಮಾನ್ಯವಾಗಿ ತುಂಡಾಗುವುದು ಮ್ಯಾಕ್ರೋಫೇಜ್ ಸ್ವಭಾವ ಬದಲಿಸಬೇಕಾದ ಆ ಹಂತದಲ್ಲೇ. ರಕ್ತದಲ್ಲಿ ಸಕ್ಕರೆ ಏರಿಯೇ ಇದ್ದರೆ ಅವು ಕೆಡವುವ ಕೆಲಸದಲ್ಲೇ ಸಿಕ್ಕಿಬೀಳುತ್ತವೆ. ಉರಿಯೂತ ಇಳಿಯುವುದಿಲ್ಲ, ಹೊಸ ರಕ್ತನಾಳ ಚಿಗುರುವುದಿಲ್ಲ, ಅಂಚಿನ ಚರ್ಮ ದಪ್ಪಗಾಗಿ ನಿಂತುಬಿಡುತ್ತದೆ. ಎರಡು ತಿಂಗಳಿಂದ ಹುಣ್ಣು ಇದ್ದ ಹಾಗೇ ಇದೆ ಎಂದು ನೀವು ಹೇಳುತ್ತೀರಲ್ಲ, ಒಳಗೆ ಆಗಿರುವುದು ಇದು. ಕಾಂಡಕೋಶದ ರಸದ ಬಗ್ಗೆ ವಿಜ್ಞಾನಿಗಳು ಇಷ್ಟು ಆಸಕ್ತಿ ತೋರುವುದಕ್ಕೂ ಕಾರಣ ಇದೇ.

ನಮ್ಮ ಯುನಾನಿ ಪದ್ಧತಿಯಲ್ಲಿ ದೇಹ ತನ್ನನ್ನು ತಾನೇ ಸರಿಪಡಿಸಿಕೊಳ್ಳುವ ಶಕ್ತಿಗೆ ತಬೀಅತ್ ಎನ್ನುತ್ತಾರೆ. ಹಕೀಮನ ಕೆಲಸ ಅದಕ್ಕೆ ನೆರವಾಗುವುದು, ಅದರ ದಾರಿಗೆ ಅಡ್ಡ ಬಂದದ್ದನ್ನು ತೆಗೆಯುವುದು. ಈ ವಿಚಾರ ಇಂದಿಗೂ ಉಪಯೋಗಕ್ಕೆ ಬರುತ್ತದೆ. ಆದರೆ ಕಾಂಡಕೋಶದ ವಿಷಯ ಹಳೆಯ ಗ್ರಂಥಗಳಲ್ಲೇ ಇತ್ತು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. 10ನೇ ಶತಮಾನದಲ್ಲಿ ಕೊರ್ದೊಬಾದ ಅಲ್ ಝಹ್ರಾವಿ ಗಾಯಕ್ಕೆ ಹೊಲಿಗೆ ಹಾಕುವುದನ್ನು ವಿವರವಾಗಿ ಬರೆದರು. ಜೀವಕೋಶವನ್ನು ನೋಡಲು ಬೇಕಾದ ಸೂಕ್ಷ್ಮದರ್ಶಕ ಆಗ ಇರಲಿಲ್ಲ. ಅವರ ಗೌರವ ಹೆಚ್ಚಿಸಲು ಇಲ್ಲದ್ದನ್ನು ಸೇರಿಸುವ ಅಗತ್ಯವಿಲ್ಲ.

ಇಲಿಮರಿಯ ಕಣ್ಣು ತೆರೆಸಿದ ಜೊಲ್ಲು

ಕೋಶಗಳು ಹೊರಬಿಡುವ ಪ್ರೋಟೀನ್‌ಗೆ ಅಷ್ಟೊಂದು ಶಕ್ತಿ ಇದೆ ಎಂದು ಗೊತ್ತಾದದ್ದು ಒಂದು ವಿಚಿತ್ರ ಪ್ರಯೋಗದಿಂದ. ಅಮೆರಿಕದ ಸ್ಟ್ಯಾನ್ಲಿ ಕೋಹೆನ್ ಎಂಬ ವಿಜ್ಞಾನಿ ಇಲಿಗಳ ಜೊಲ್ಲಿನ ಗ್ರಂಥಿಯಿಂದ ತೆಗೆದ ಸಾರವನ್ನು ಆಗತಾನೇ ಹುಟ್ಟಿದ ಇಲಿಮರಿಗಳಿಗೆ ಚುಚ್ಚಿದರು. ಹುಟ್ಟಿ ಎರಡು ವಾರ ಆಗುವ ಹೊತ್ತಿಗೆ ತೆರೆಯಬೇಕಾದ ಕಣ್ಣು ಒಂದೇ ವಾರಕ್ಕೆ ತೆರೆಯಿತು. ಹಲ್ಲು ಕೂಡ ಬೇಗ ಮೂಡಿತು. ಆ ಸಾರದಲ್ಲಿದ್ದ ಯಾವುದೋ ಒಂದು ವಸ್ತು ಚರ್ಮದ ಕೋಶಗಳನ್ನು ಬೇಗ ಬೆಳೆಯುವಂತೆ ಮಾಡುತ್ತಿತ್ತು. ಅದನ್ನು ಬೇರ್ಪಡಿಸಿ ಎಪಿಡರ್ಮಲ್ ಗ್ರೋತ್ ಫ್ಯಾಕ್ಟರ್ ಎಂದು ಹೆಸರಿಟ್ಟರು. ಈ ಕೆಲಸಕ್ಕಾಗಿ ಕೋಹೆನ್ ಅವರಿಗೂ, ನರಗಳನ್ನು ಬೆಳೆಸುವ ಇಂತಹದೇ ವಸ್ತುವನ್ನು ಕಂಡುಹಿಡಿದ ಇಟಲಿ ಮೂಲದ ರೀಟಾ ಲೆವಿ ಮೊಂಟಾಲ್ಚಿನಿ ಅವರಿಗೂ 1986ರ ನೊಬೆಲ್ ಪ್ರಶಸ್ತಿ ಬಂತು.

ಪ್ರಾಣಿಗಳು ಗಾಯ ನೆಕ್ಕುವುದರಲ್ಲಿ ಅರ್ಥವಿದೆ ಎಂಬುದು ಇದರಿಂದ ತಿಳಿಯುತ್ತದೆ. ಹಾಗೆಂದು ನೀವು ಗಾಯಕ್ಕೆ ಉಗುಳು ಹಚ್ಚಬೇಡಿ. ಮನುಷ್ಯನ ಬಾಯಿಯಲ್ಲಿ ಕ್ರಿಮಿಗಳೂ ಧಾರಾಳವಾಗಿವೆ.

ಕಾಂಡಕೋಶ ಚರ್ಮವಾಗುತ್ತದೆ ಎಂದುಕೊಂಡಿದ್ದರು

ಇನ್ನು ಕಾಂಡಕೋಶದ ಕಥೆ. ನಮ್ಮ ದೇಹದ ಹೆಚ್ಚಿನ ಕೋಶಗಳಿಗೆ ಒಂದು ನಿಗದಿತ ಕೆಲಸವಿದೆ. ಚರ್ಮದ ಕೋಶ ಚರ್ಮವೇ, ಮೂಳೆಯ ಕೋಶ ಮೂಳೆಯೇ. ಕಾಂಡಕೋಶ ಹಾಗಲ್ಲ. ಅದು ತನ್ನಂತಹದೇ ಇನ್ನೊಂದನ್ನು ಹುಟ್ಟಿಸಬಲ್ಲದು, ಬೇಕಾದಾಗ ಬೇರೆ ಬಗೆಯ ಕೋಶವಾಗಿ ಬದಲಾಗಲೂಬಲ್ಲದು. ಸೋವಿಯತ್ ರಷ್ಯಾದ ಅಲೆಕ್ಸಾಂಡರ್ ಫ್ರೀಡೆನ್‌ಸ್ಟೈನ್ ಅವರು 1960, 70ರ ದಶಕಗಳಲ್ಲಿ ಅಸ್ಥಿಮಜ್ಜೆಯಲ್ಲಿ, ಅಂದರೆ ಮೂಳೆಯೊಳಗಿನ ಮಿದುವಾದ ಭಾಗದಲ್ಲಿ, ಮೂಳೆ ಹುಟ್ಟಿಸಬಲ್ಲ ಇಂತಹ ಕೋಶಗಳನ್ನು ಗುರುತಿಸಿದರು. ಅಮೆರಿಕದ ಆರ್ನಾಲ್ಡ್ ಕ್ಯಾಪ್ಲಾನ್ 1991ರಲ್ಲಿ ಇವಕ್ಕೆ ಮೆಸೆಂಕೈಮಲ್ ಸ್ಟೆಮ್ ಸೆಲ್ ಎಂಬ ಹೆಸರು ಕೊಟ್ಟರು. ಆಮೇಲೆ ಇದೇ ಬಗೆಯ ಕೋಶಗಳು ಕೊಬ್ಬಿನಲ್ಲಿ, ಹೊಕ್ಕುಳಬಳ್ಳಿಯಲ್ಲಿ, ಹಲ್ಲಿನ ತಿರುಳಿನಲ್ಲೂ ಸಿಕ್ಕವು.

ಆಗ ಎಲ್ಲರ ಲೆಕ್ಕಾಚಾರ ಸರಳವಾಗಿತ್ತು. ಈ ಕೋಶಗಳನ್ನು ಗಾಯಕ್ಕೆ ಹಾಕಿದರೆ ಅವೇ ಹೊಸ ಚರ್ಮವಾಗಿ ಬೆಳೆದು ಗುಂಡಿ ತುಂಬುತ್ತವೆ, ಹೊಲಕ್ಕೆ ಬೀಜ ಬಿತ್ತಿದ ಹಾಗೆ. ಪ್ರಾಣಿಗಳ ಮೇಲೆ ಪ್ರಯೋಗ ಮಾಡಿದಾಗ ಗಾಯ ಬೇಗ ಮಾಗಿದ್ದು ಹೌದು. ಆದರೆ ಸ್ವಲ್ಪ ದಿನ ಬಿಟ್ಟು ಆ ಕೋಶಗಳನ್ನು ಹುಡುಕಿದರೆ ಬಹುಪಾಲು ಇರಲೇ ಇಲ್ಲ. ಹಾಕಿದವುಗಳಲ್ಲಿ ತೀರಾ ಕಡಿಮೆ ಮಾತ್ರ ಉಳಿದಿದ್ದವು. ಬೀಜವೇ ಇಲ್ಲದೆ ಬೆಳೆ ಬಂದದ್ದು ಹೇಗೆ?

ಉತ್ತರ ಮೊದಲು ಸ್ಪಷ್ಟವಾಗಿ ಕಂಡದ್ದು ಹೃದಯದ ಪ್ರಯೋಗದಲ್ಲಿ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮಾಸ್ಸಿಮೊ ನ್ಯೆಕ್ಕಿ, ವಿಕ್ಟರ್ ಝಾವ್ ಮತ್ತು ಸಂಗಡಿಗರು ಇಲಿಗಳ ಹೃದಯಕ್ಕೆ ಕೋಶಗಳ ಬದಲು, ಆ ಕೋಶಗಳನ್ನು ಬೆಳೆಸಿದ್ದ ದ್ರವವನ್ನು ಮಾತ್ರ ಕೊಟ್ಟರು. ರಕ್ತ ನಿಂತು ಹಾಳಾಗಬೇಕಾಗಿದ್ದ ಹೃದಯದ ಸ್ನಾಯು ಅದರಿಂದಲೇ ಗಣನೀಯವಾಗಿ ಉಳಿಯಿತು. ಕೋಶ ಬೆಳೆಯುವಾಗ ದ್ರವಕ್ಕೆ ಬಿಟ್ಟ ರಸವೇ ಕೆಲಸ ಮಾಡಿತ್ತು.

ಚರ್ಮದ ಗಾಯಕ್ಕೆ ಇದು ಹೊಂದುತ್ತದೆಯೇ ಎಂದು ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದರು. ಅಸ್ಥಿಮಜ್ಜೆಯ ಕಾಂಡಕೋಶ ಬೆಳೆಸಿದ ದ್ರವವನ್ನು ಇಲಿಗಳ ಚರ್ಮದ ಗಾಯಕ್ಕೆ ಹಾಕಿದರು. ಹೋಲಿಕೆಗೆ ಚರ್ಮದ ಸಾಮಾನ್ಯ ಕೋಶ ಬೆಳೆಸಿದ ದ್ರವವನ್ನೂ ಹಾಕಿ ನೋಡಿದರು. ಕಾಂಡಕೋಶದ ರಸ ಬಿದ್ದ ಗಾಯ ಬೇಗ ಮುಚ್ಚಿತು. ಅಲ್ಲಿಗೆ ಮ್ಯಾಕ್ರೋಫೇಜ್‌ಗಳೂ, ರಕ್ತನಾಳ ಕಟ್ಟುವ ಕೋಶಗಳೂ ಹೆಚ್ಚಾಗಿ ಬಂದಿದ್ದವು. ಹೊರಗಿನ ಕೋಶ ಗಾಯದಲ್ಲಿ ಒಂದೂ ಇರಲಿಲ್ಲ. ಬಂದದ್ದೆಲ್ಲ ಇಲಿಯ ಸ್ವಂತ ಕೋಶಗಳೇ. ರಸ ಅವುಗಳನ್ನು ಕರೆದಿತ್ತು, ಅಷ್ಟೇ.

ಹೆಸರಿಟ್ಟ ಕ್ಯಾಪ್ಲಾನ್ ಅವರೇ 2017ರಲ್ಲಿ ಈ ಹೆಸರು ತಪ್ಪು ದಾರಿಗೆಳೆಯುತ್ತದೆ, ಬದಲಿಸೋಣ ಎಂದು ಬರೆದರು. ಸ್ಟೆಮ್ ಸೆಲ್ ಎಂಬ ಪದ ಬಿಟ್ಟು ಔಷಧಿಯ ಸಂಕೇತ ಕೊಡುವ ಕೋಶ ಎಂಬರ್ಥದ ಹೆಸರನ್ನು ಮುಂದಿಟ್ಟರು. ಸ್ಟೆಮ್ ಸೆಲ್ ಎಂಬ ಹೆಸರಿನ ಬಲದ ಮೇಲೆ ಕ್ಲಿನಿಕ್‌ಗಳು ಇಲ್ಲದ ಆಸೆ ಹುಟ್ಟಿಸಿ ಮಾರಾಟ ಮಾಡುತ್ತಿವೆ ಎಂಬುದೂ ಅವರ ಚಿಂತೆಯಾಗಿತ್ತು. ವಿಜ್ಞಾನದಲ್ಲಿ ತಾನಿಟ್ಟ ಹೆಸರನ್ನು ತಾನೇ ತೆಗೆಯಲು ಹೊರಡುವವರು ಅಪರೂಪ.

ಆ ರಸದಲ್ಲಿ ಏನಿದೆ?

ಒಂದಲ್ಲ, ನೂರಾರು ವಸ್ತುಗಳಿವೆ. ಕೆಲವನ್ನಷ್ಟೇ ಹೇಳುತ್ತೇನೆ.

ಹೊಸ ರಕ್ತನಾಳ ಚಿಗುರಿಸುವ ಪ್ರೋಟೀನ್ ಒಂದಿದೆ, ವೈದ್ಯರು ಅದನ್ನು ವಿಇಜಿಎಫ್ ಎನ್ನುತ್ತಾರೆ. ಅಂಚಿನ ಚರ್ಮ ಮುಂದೆ ಹರಿಯುವಂತೆ ಪ್ರಚೋದಿಸುವ ಬೆಳವಣಿಗೆಯ ಅಂಶಗಳಿವೆ. ಪ್ರೊಸ್ಟಗ್ಲಾಂಡಿನ್ ಇ2 ಎಂಬ ಇನ್ನೊಂದು ವಸ್ತು ನಮಗೆ ಬಹಳ ಮುಖ್ಯ. ಕೆಡವುವ ಕೆಲಸದಲ್ಲಿ ಸಿಕ್ಕಿಬಿದ್ದ ಮ್ಯಾಕ್ರೋಫೇಜ್‌ಗಳನ್ನು ಕಟ್ಟುವ ಸ್ವಭಾವಕ್ಕೆ ತಿರುಗಿಸುವುದು ಅದರ ಕೆಲಸಗಳಲ್ಲೊಂದು. ಸಕ್ಕರೆ ಕಾಯಿಲೆಯ ಹುಣ್ಣು ನಿಂತುಹೋಗುವುದು ಅಲ್ಲೇ ಎಂದು ಮೇಲೆ ಹೇಳಿದೆನಲ್ಲ. ಇವಲ್ಲದೆ ಕ್ರಿಮಿಗಳನ್ನು ಕೊಲ್ಲುವ ಸಣ್ಣ ಪ್ರೋಟೀನ್‌ಗಳೂ, ಗಾಯದ ಕಲೆ ಅತಿಯಾಗಿ ಉಬ್ಬದಂತೆ ನೋಡಿಕೊಳ್ಳುವ ಅಂಶಗಳೂ ಇವೆ.

ಕೆಲವು ಸಂಕೇತಗಳು ದ್ರವದಲ್ಲಿ ಹಾಗೇ ತೇಲುವುದಿಲ್ಲ. ಅತಿ ಸಣ್ಣ ಗುಳ್ಳೆಗಳೊಳಗೆ ಕಟ್ಟಿ ಬರುತ್ತವೆ. ಈ ಗುಳ್ಳೆಗಳಿಗೆ ಎಕ್ಸೋಸೋಮ್ ಎನ್ನುತ್ತಾರೆ. ಗಾತ್ರ ಸುಮಾರು 30ರಿಂದ 150 ನ್ಯಾನೋಮೀಟರ್. ತಲೆಗೂದಲಿನ ದಪ್ಪದಲ್ಲಿ ಇಂತಹ ಐನೂರಕ್ಕಿಂತ ಹೆಚ್ಚು ಗುಳ್ಳೆಗಳನ್ನು ಸಾಲಾಗಿ ಇಡಬಹುದು. ಒಳಗೆ ಪ್ರೋಟೀನ್ ಜೊತೆಗೆ ಆರ್‌ಎನ್‌ಎ ತುಣುಕುಗಳೂ ಇರುತ್ತವೆ. ಇನ್ನೊಂದು ಕೋಶ ಈ ಗುಳ್ಳೆಯನ್ನು ನುಂಗಿದರೆ ಅದರ ನಡವಳಿಕೆಯೇ ಬದಲಾಗಬಹುದು. ಸಿಂಗಪುರದ ಲಿಮ್ ಸಾಯ್ ಕಿಯಾಂಗ್ ಅವರ ತಂಡ 2010ರಲ್ಲಿ, ಹೃದಯಕ್ಕೆ ನೆರವಾದ ಆ ರಸದ ಮುಖ್ಯ ಶಕ್ತಿ ಈ ಗುಳ್ಳೆಗಳಲ್ಲಿದೆ ಎಂದು ತೋರಿಸಿತು. ಆಮೇಲೆ ಚರ್ಮದ ಗಾಯದ ಸಂಶೋಧನೆಯೂ ಬಹುಮಟ್ಟಿಗೆ ಇದರ ಹಿಂದೆ ಹೊರಟಿದೆ.

ರಸವನ್ನು ಮಾತ್ರ ಬಳಸುವುದರಲ್ಲಿ ಅನುಕೂಲಗಳಿವೆ. ಜೀವಂತ ಕೋಶವನ್ನು ಕಾಪಾಡುವುದು ಕಷ್ಟ. ರಸವನ್ನು ಶೈತ್ಯದಲ್ಲಿಟ್ಟು ಜೆಲ್ಲಿಯಾಗಿಯೋ ಪಟ್ಟಿಯಾಗಿಯೋ ಮಾಡಬಹುದು. ಹೊರಗಿನ ಕೋಶ ದೇಹದಲ್ಲಿ ಅಡ್ಡಾದಿಡ್ಡಿ ಬೆಳೆಯುವ ಭಯವಿಲ್ಲ.

ತೊಡಕುಗಳೂ ಅಷ್ಟೇ ಇವೆ. ಒಬ್ಬರ ಕೋಶದ ರಸ ಇನ್ನೊಬ್ಬರದರ ಹಾಗಿರುವುದಿಲ್ಲ. ವಯಸ್ಸಾದವರ, ಸಕ್ಕರೆ ಕಾಯಿಲೆಯವರ ಕೋಶಗಳಿಂದ ಬರುವ ರಸ ದುರ್ಬಲ. ಒಂದೇ ಕೋಶವನ್ನು ಇವತ್ತು ಒಂದು ಬಗೆಯಲ್ಲಿ, ನಾಳೆ ಇನ್ನೊಂದು ಬಗೆಯಲ್ಲಿ ಬೆಳೆಸಿದರೂ ರಸ ಬೇರೆಯಾಗುತ್ತದೆ. ಎಷ್ಟು ಕೊಡಬೇಕು, ಎಷ್ಟು ದಿನಕ್ಕೊಮ್ಮೆ ಕೊಡಬೇಕು ಎಂಬುದಕ್ಕೆ ಒಪ್ಪಿತ ಅಳತೆ ಇನ್ನೂ ಬಂದಿಲ್ಲ. ಮೇಲೆ ಹೇಳಿದ ಹೆಚ್ಚಿನ ಒಳ್ಳೆಯ ಫಲಿತಾಂಶಗಳು ಇಲಿಗಳಲ್ಲಿ ಕಂಡವು. ಇಲಿಯ ಚರ್ಮ ಸಡಿಲ. ಅದರ ಗಾಯ ಹೆಚ್ಚಾಗಿ ಅಂಚುಗಳು ಸೆಳೆದುಕೊಂಡು ಮುಚ್ಚುತ್ತದೆ, ನಮ್ಮದು ಹಾಗಲ್ಲ. ಐದಾರು ವರ್ಷ ಸಕ್ಕರೆ ಏರಿಸಿಕೊಂಡು, ರಕ್ತನಾಳ ಕಿರಿದಾಗಿ, ಸ್ಪರ್ಶ ಕಳೆದುಕೊಂಡ ಮನುಷ್ಯನ ಪಾದವಂತೂ ಪ್ರಯೋಗಾಲಯದ ಆರೋಗ್ಯವಂತ ಇಲಿಯ ಬೆನ್ನಲ್ಲ.

ಈ ಕೋಶಗಳು ಭ್ರೂಣದಿಂದ ಬರುತ್ತವೆಯೇ ಎಂದು ಕೆಲವು ಸಹೋದರಿಯರು ಅಳುಕಿನಿಂದ ಕೇಳುತ್ತಾರೆ. ಗಾಯದ ಸಂಶೋಧನೆಯಲ್ಲಿ ಹೆಚ್ಚಾಗಿ ಬಳಕೆಯಾಗುವವು ಭ್ರೂಣದವಲ್ಲ. ದೊಡ್ಡವರ ಅಸ್ಥಿಮಜ್ಜೆ, ಕೊಬ್ಬು, ಹೆರಿಗೆಯಾದ ಮೇಲೆ ಬೇಡವಾಗುವ ಹೊಕ್ಕುಳಬಳ್ಳಿ ಮತ್ತು ಮಾಸು ಇವುಗಳ ಮೂಲ. ಮಗುವನ್ನು ಸುತ್ತಿರುವ ತೆಳು ಪೊರೆಯನ್ನು ಸುಟ್ಟಗಾಯದ ಮೇಲೆ ಹೊದಿಸುವುದು ನೂರು ವರ್ಷಕ್ಕಿಂತ ಹಳೆಯ ಪದ್ಧತಿ. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ 1988ರಲ್ಲಿ ಆರಂಭವಾದ ಅಂಗಾಂಶ ಬ್ಯಾಂಕ್ ಈ ಪೊರೆಯನ್ನು ಒಣಗಿಸಿ, ವಿಕಿರಣದಿಂದ ಕ್ರಿಮಿಮುಕ್ತಗೊಳಿಸಿ ಒದಗಿಸುತ್ತದೆ. ಒಣಗಿದ ಪೊರೆಯಲ್ಲಿ ಜೀವಂತ ಕೋಶ ಇರುವುದಿಲ್ಲ. ಹಾಗಿದ್ದೂ ಅದು ಗಾಯವನ್ನು ಮುಚ್ಚಿ ತೇವ ಕಾಪಾಡುತ್ತದೆ, ನೋವು ಕಡಿಮೆ ಮಾಡುತ್ತದೆ.

ಇವತ್ತು ನಿಜವಾಗಿ ಏನು ಸಿಗುತ್ತದೆ?

ಹಣ ಕಟ್ಟುವ ಮೊದಲು ಈ ಭಾಗವನ್ನು ಮನೆಯವರೆಲ್ಲ ಓದಿ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2017ರಲ್ಲಿ ಹೊರಡಿಸಿದ ಮಾರ್ಗಸೂಚಿ ಸ್ಪಷ್ಟವಾಗಿದೆ. ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿಯಂತಹ ಚಿಕಿತ್ಸೆ ಬಿಟ್ಟರೆ, ಕಾಂಡಕೋಶದ ಉಳಿದ ಬಳಕೆಯೆಲ್ಲ ಅನುಮತಿ ಪಡೆದ ಸಂಶೋಧನಾ ಪ್ರಯೋಗದ ಒಳಗೇ ನಡೆಯಬೇಕು. ಪ್ರಯೋಗ ಎಂದರೆ ರೋಗಿಯಿಂದ ಅದಕ್ಕೆ ಹಣ ತೆಗೆದುಕೊಳ್ಳುವಂತಿಲ್ಲ. ಯಾರಾದರೂ ಇದು ಟ್ರಯಲ್ ಎಂದು ಹೇಳಿ ಲಕ್ಷ ರೂಪಾಯಿ ಬಿಲ್ ಕೊಟ್ಟರೆ ಎರಡರಲ್ಲಿ ಒಂದು ಮಾತು ಸುಳ್ಳು.

ಆಮೇಲೆ ಔಷಧ ನಿಯಂತ್ರಕರ ಅನುಮತಿ ಪಡೆದು ಬಂದದ್ದೂ ಇದೆ. ಅದು ನಮ್ಮ ಬೆಂಗಳೂರಿನದೇ. ಸ್ಟೆಂಪ್ಯೂಟಿಕ್ಸ್ ಕಂಪೆನಿಯ ಸ್ಟೆಂಪ್ಯೂಸೆಲ್ ಎಂಬ ಔಷಧ ಆರೋಗ್ಯವಂತ ದಾನಿಗಳ ಅಸ್ಥಿಮಜ್ಜೆಯ ಕಾಂಡಕೋಶಗಳಿಂದ ಮಾಡಿದ್ದು. ಬರ್ಗರ್ ಕಾಯಿಲೆಯಿಂದ ಕಾಲಿನ ರಕ್ತನಾಳ ಮುಚ್ಚಿಕೊಂಡವರಿಗೆ 2016ರಲ್ಲಿ ಸೀಮಿತ ಅನುಮತಿ ಸಿಕ್ಕಿತು. 2020ರಲ್ಲಿ ರಕ್ತನಾಳಕ್ಕೆ ಕೊಬ್ಬು ಕಟ್ಟಿ ಕಾಲಿಗೆ ರಕ್ತ ನಿಂತವರಿಗೂ ಅನುಮತಿ ವಿಸ್ತರಿಸಿತು. ಬರ್ಗರ್ ಕಾಯಿಲೆ ಬೀಡಿ, ಸಿಗರೇಟು, ತಂಬಾಕಿನಿಂದ ಬರುವಂಥದು, ಹೆಚ್ಚಾಗಿ ವಯಸ್ಸಿನ ಗಂಡಸರನ್ನು ಹಿಡಿಯುತ್ತದೆ. ಇಲ್ಲಿ ಕೋಶಗಳನ್ನು ಮೀನಖಂಡದ ಸ್ನಾಯುವಿಗೆ ಚುಚ್ಚುತ್ತಾರೆ. ಅವು ಬಿಡುವ ರಸದಿಂದ ಹೊಸ ರಕ್ತನಾಳ ಚಿಗುರಲಿ ಎಂಬುದು ಉದ್ದೇಶ. ಇದು ರಕ್ತನಾಳದ ವೈದ್ಯರು ಪರೀಕ್ಷಿಸಿ ನಿರ್ಧರಿಸಬೇಕಾದ ಚಿಕಿತ್ಸೆ, ಎಲ್ಲ ಸಕ್ಕರೆ ಹುಣ್ಣಿಗೂ ಹಾಕುವಂಥದಲ್ಲ.

ಪಿಆರ್‌ಪಿ ಎಂಬುದನ್ನು ಸ್ಟೆಮ್ ಸೆಲ್ ಎಂದು ಮಾರುವವರಿದ್ದಾರೆ. ಅದು ನಿಮ್ಮದೇ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಪ್ಲೇಟ್‌ಲೆಟ್ ಹೆಚ್ಚಿರುವ ಭಾಗವನ್ನು ಗಾಯಕ್ಕೆ ಹಾಕುವುದು. ಕೆಲವು ಹಟಮಾರಿ ಹುಣ್ಣುಗಳಲ್ಲಿ ಉಪಯೋಗವಿದೆ, ಅಷ್ಟೇನೂ ದುಬಾರಿಯಲ್ಲ. ಆದರೆ ಅದರಲ್ಲಿ ಕಾಂಡಕೋಶವಿಲ್ಲ. ಸ್ಟೆಮ್ ಸೆಲ್ ದರ ಕೊಡಬೇಡಿ. ಹಾಗೆಯೇ ಒಂದೇ ಬೆಳವಣಿಗೆಯ ಅಂಶವಿರುವ ಜೆಲ್‌ಗಳೂ ಇವೆ. ಅಮೆರಿಕದಲ್ಲಿ 1997ರಲ್ಲೇ ಬೆಕಾಪ್ಲರ್ಮಿನ್ ಎಂಬ ಜೆಲ್‌ಗೆ ಸಕ್ಕರೆ ಕಾಯಿಲೆಯ ಪಾದದ ಹುಣ್ಣಿಗೆ ಅನುಮತಿ ಸಿಕ್ಕಿತ್ತು. ವೈದ್ಯರು ಚೀಟಿ ಬರೆದರೆ ಇವನ್ನು ಬಳಸಬಹುದು. ರಕ್ತ ಹರಿಯದ, ಕೊಳೆತ ಚರ್ಮ ತೆಗೆಯದ ಹುಣ್ಣಿಗೆ ಇವು ಕೆಲಸ ಮಾಡುವುದಿಲ್ಲ.

ಎಕ್ಸೋಸೋಮ್ ಚುಚ್ಚುಮದ್ದಿನ ಬಗ್ಗೆ ಒಂದು ಎಚ್ಚರಿಕೆ. ಅಮೆರಿಕದ ನೆಬ್ರಾಸ್ಕಾ ರಾಜ್ಯದಲ್ಲಿ ಅನುಮತಿಯಿಲ್ಲದ ಇಂತಹ ಉತ್ಪನ್ನ ಪಡೆದವರಿಗೆ ಗಂಭೀರ ತೊಂದರೆಗಳಾದ ಮೇಲೆ ಅಲ್ಲಿನ ಔಷಧ ಇಲಾಖೆ 2019ರ ಡಿಸೆಂಬರ್‌ನಲ್ಲಿ ಸಾರ್ವಜನಿಕ ಎಚ್ಚರಿಕೆ ಹೊರಡಿಸಿತು. ಇನ್ನು ಸೌಂದರ್ಯ ಅಂಗಡಿಯಲ್ಲಿ ಸಿಗುವ ಸ್ಟೆಮ್ ಸೆಲ್ ಕ್ರೀಮ್. ಅದರಲ್ಲಿ ಹೆಚ್ಚಾಗಿ ಇರುವುದು ಸೇಬು ಮುಂತಾದ ಗಿಡಗಳ ಕೋಶದ ಸಾರ. ಮುಖಕ್ಕೆ ಹಚ್ಚಿಕೊಳ್ಳುವುದು ನಿಮ್ಮಿಷ್ಟ, ತೆರೆದ ಗಾಯಕ್ಕೆ ಬೇಡ.

ಕೆಲವು ಕ್ಲಿನಿಕ್‌ಗಳು ನಿಮ್ಮದೇ ಹೊಟ್ಟೆಯ ಕೊಬ್ಬಿನಿಂದ ಕೋಶ ತೆಗೆದು ಹಾಕುತ್ತೇವೆ, ಆದ್ದರಿಂದ ಅಪಾಯವೇ ಇಲ್ಲ ಎನ್ನುತ್ತವೆ. ಸಕ್ಕರೆ ಕಾಯಿಲೆಯವರ ಕೋಶದ ರಸ ದುರ್ಬಲ ಎಂದು ಆಗಲೇ ಹೇಳಿದ್ದೇನೆ. ನನಗೆ ಇದರಲ್ಲಿ ಹೆಚ್ಚು ಕೋಪ ತರಿಸುವುದು ಹಣಕ್ಕಿಂತ ಸಮಯ. ಮೂರು ಸಲ ಚುಚ್ಚಿಸಿಕೊಳ್ಳಿ, ಆರು ವಾರ ಕಾಯಿರಿ ಎನ್ನುತ್ತಾರೆ. ಆ ಆರು ವಾರದಲ್ಲಿ ಸೋಂಕು ಮೂಳೆಗೆ ಇಳಿದರೆ, ಒಂದು ಬೆರಳಲ್ಲಿ ಮುಗಿಯಬೇಕಾದದ್ದು ಮೊಣಕಾಲಿನವರೆಗೆ ಹೋಗುತ್ತದೆ.

ನಿಮ್ಮದೇ ದೇಹದ ರಸಕ್ಕೆ ದಾರಿ ಬಿಡಿ

ಗಾಯಕ್ಕೆ ಬೇಕಾದ ಈ ಸಂಕೇತಗಳನ್ನು ನಿಮ್ಮ ದೇಹ ತಾನಾಗಿಯೇ ಮಾಡುತ್ತದೆ. ಹೊಸ ಗಾಯದಿಂದ ಒಸರುವ ತಿಳಿ ನೀರಿನಲ್ಲಿ ಅವೇ ಇರುತ್ತವೆ. ಜಾರ್ಜ್ ವಿಂಟರ್ ಎಂಬವರು 1962ರಲ್ಲಿ ಹಂದಿಗಳ ಚರ್ಮದ ಮೇಲೆ ಪ್ರಯೋಗ ಮಾಡಿ, ತೇವವಾಗಿ ಮುಚ್ಚಿಟ್ಟ ಗಾಯ ಗಾಳಿಗೆ ಬಿಟ್ಟು ಹಕ್ಕಳೆ ಕಟ್ಟಿದ ಗಾಯಕ್ಕಿಂತ ಸುಮಾರು ಎರಡು ಪಟ್ಟು ಬೇಗ ಹೊಸ ಚರ್ಮ ಪಡೆಯುತ್ತದೆ ಎಂದು ತೋರಿಸಿದರು. ಗಾಳಿಯಾಡಲಿ ಎಂದು ಗಾಯ ತೆರೆದಿಡುವ ನಮ್ಮ ರೂಢಿ ಬಿಡಬೇಕು. ಶುದ್ಧ ನೀರಿನಿಂದ ತೊಳೆದು ಸ್ವಚ್ಛ ಪಟ್ಟಿ ಕಟ್ಟಿ. ಕೀವು ಇರುವ ಗಾಯವನ್ನು ಮಾತ್ರ ಬಿಗಿಯಾಗಿ ಮುಚ್ಚಬೇಡಿ, ವೈದ್ಯರಿಗೆ ತೋರಿಸಿ.

ಕಾಫಿ ಪುಡಿ, ಅರಿಶಿನ, ಟೂತ್‌ಪೇಸ್ಟ್, ಸುಣ್ಣ, ಶಾಯಿ, ಬೂದಿ ಇವುಗಳಲ್ಲಿ ಒಂದನ್ನೂ ತೆರೆದ ಗಾಯಕ್ಕೆ ಹಾಕಬೇಡಿ. ಅರಿಶಿನ ಒಳ್ಳೆಯದಲ್ಲವೇ ಎಂದು ಕೇಳುತ್ತೀರಿ. ಅಡಿಗೆ ಮನೆಯ ಡಬ್ಬಿಯ ಅರಿಶಿನ ಕ್ರಿಮಿಮುಕ್ತವಲ್ಲ. ಪುಡಿ ಗಟ್ಟಿಯಾಗಿ ಅಂಟಿಕೊಂಡು ಒಳಗೆ ಏನಾಗುತ್ತಿದೆ ಎಂಬುದನ್ನೇ ಮರೆಮಾಡುತ್ತದೆ. ಜೇನುತುಪ್ಪದ ಮಾತು ಬೇರೆ. ಮೇಲ್ಪದರದ ಸುಟ್ಟಗಾಯಗಳಲ್ಲಿ ಅದರ ಉಪಯೋಗಕ್ಕೆ ಆಧಾರವಿದೆ. ಆದರೆ ಅದು ಗಾಯಕ್ಕೆಂದೇ ಕ್ರಿಮಿಮುಕ್ತಗೊಳಿಸಿದ ಜೇನು, ಚಪಾತಿಗೆ ಹಚ್ಚುವ ಬಾಟಲಿಯದ್ದಲ್ಲ. ಮರ್ಹಮ್ ವಿಷಯದಲ್ಲೂ ನನ್ನ ಮಾತು ಇದೇ: ವೈದ್ಯರು ಗಾಯ ನೋಡಿ ಕೊಟ್ಟದ್ದು ಮಾತ್ರ ಹಚ್ಚಿ, ಪಕ್ಕದ ಮನೆಯವರಿಗೆ ಕೊಟ್ಟದ್ದನ್ನಲ್ಲ. ಮಕ್ಕಳ ಮೇಲೆ ಬಿಸಿ ಚಹಾ ಚೆಲ್ಲಿದರೆ ಮೊದಲು ನಲ್ಲಿಯ ತಣ್ಣೀರು 20 ನಿಮಿಷ ಹರಿಸಿ. ಮಂಜುಗಡ್ಡೆ ಬೇಡ.

ಪಾದದ ಹುಣ್ಣಿನ ಮೇಲೆ ಮೈಭಾರ ಬೀಳುತ್ತಿದ್ದರೆ ಯಾವ ರಸವೂ ಅದನ್ನು ಮಾಗಿಸದು. ಹೊಸದಾಗಿ ಚಿಗುರಿದ ರಕ್ತನಾಳ ಪ್ರತಿ ಹೆಜ್ಜೆಗೂ ನಜ್ಜುಗುಜ್ಜಾಗುತ್ತದೆ. ಭಾರ ತಪ್ಪಿಸುವ ವಿಶೇಷ ಕಟ್ಟು, ಚಪ್ಪಲಿ ಇವೆ, ಕೇಳಿ ಪಡೆಯಿರಿ. ಬೀಡಿ, ಸಿಗರೇಟು ರಕ್ತನಾಳವನ್ನು ಸಂಕುಚಿತಗೊಳಿಸುತ್ತವೆ, ಹುಣ್ಣಿರುವಷ್ಟು ದಿನವಾದರೂ ಬಿಡಿ ಎನ್ನುವುದಿಲ್ಲ, ಪೂರ್ತಿ ಬಿಡಿ. ನಾರು ನೇಯಲು ದೇಹಕ್ಕೆ ಪ್ರೋಟೀನ್ ಬೇಕು. ಮೊಟ್ಟೆ, ಮೀನು, ಬೇಳೆ ಊಟದಲ್ಲಿರಲಿ. ಗಾಯ ಇದ್ದಾಗ ಮಾಂಸ ಮೊಟ್ಟೆ ತಿಂದರೆ ಕೀವಾಗುತ್ತದೆ ಎಂದು ಅಜ್ಜಿಯರು ಹೇಳುವುದಕ್ಕೆ ಆಧಾರವಿಲ್ಲ. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ಪ್ರಮಾಣ ಕೇಳಿಕೊಳ್ಳಿ.

ದಿನಕ್ಕೆ ಐದು ಬಾರಿ ವುಝೂ ಮಾಡುವಾಗ ಪಾದ ನೋಡುವ ಅವಕಾಶ ಸಿಗುತ್ತದೆ. ಬೆರಳುಗಳ ಸಂದಿಯಲ್ಲಿ ಬಿರುಕು, ಬಣ್ಣ ಬದಲಾವಣೆ, ಗುಳ್ಳೆ ಇದೆಯೇ ನೋಡಿ, ಆಮೇಲೆ ಸಂದಿಗಳನ್ನು ಬಟ್ಟೆಯಿಂದ ಒಣಗಿಸಿ. ಹುಣ್ಣಿಗೆ ಪಟ್ಟಿ ಕಟ್ಟಿದ್ದರೆ ಅದನ್ನು ಐದು ಸಲ ಬಿಚ್ಚಿ ತೊಳೆಯಬೇಡಿ. ಕಟ್ಟಿನ ಮೇಲೆ ಒದ್ದೆ ಕೈ ಸವರುವ ರಿಯಾಯಿತಿ ಇದೆ, ವಿವರವನ್ನು ನಿಮ್ಮ ಉಸ್ತಾದರಲ್ಲಿ ಕೇಳಿ. ಸ್ಪರ್ಶ ಕಳೆದುಕೊಂಡ ಕಾಲಿನವರು ಬೇಸಿಗೆಯ ಝುಹ್ರ್‌ಗೆ ಮಸೀದಿಯ ಅಂಗಳದ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ದಾಟಬೇಡಿ. ಸುಟ್ಟದ್ದು ಗೊತ್ತಾಗುವುದು ಸಂಜೆ ಗುಳ್ಳೆ ಕಂಡಾಗಲೇ. ಹಜ್ಜ್, ಉಮ್ರಾಕ್ಕೆ ಹೋಗುವ ಸಕ್ಕರೆ ಕಾಯಿಲೆಯವರು ಎರಡು ಜೊತೆ ಚಪ್ಪಲಿ ಇಟ್ಟುಕೊಳ್ಳಿ, ಒಂದನ್ನು ಸದಾ ಕೈಚೀಲದಲ್ಲಿ. ಚಪ್ಪಲಿ ಕಳೆದುಕೊಂಡು ಬಿಸಿ ನೆಲದಲ್ಲಿ ನಡೆದು ಪಾದ ಸುಟ್ಟುಕೊಳ್ಳುವ ಯಾತ್ರಿಕರು ಪ್ರತಿ ವರ್ಷ ಇರುತ್ತಾರೆ.

ಇಷ್ಟಾಗಿಯೂ ಯಾರಾದರೂ ಕಾಂಡಕೋಶದ ಚಿಕಿತ್ಸೆ ಹೇಳಿದರೆ ನಾಲ್ಕು ವಿಷಯ ಕೇಳಿ, ಉತ್ತರವನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಚುಚ್ಚುವ ವಸ್ತುವಿನ ಹೆಸರೇನು, ಯಾರು ತಯಾರಿಸಿದ್ದು? ಈ ಕಾಯಿಲೆಗೆ ಅದನ್ನು ಕೊಡಲು ಔಷಧ ನಿಯಂತ್ರಕರ ಅನುಮತಿ ಇದೆಯೇ? ಸಂಶೋಧನೆಯಾದರೆ ಸರಕಾರಿ ನೋಂದಣಿಯ ಸಂಖ್ಯೆ ಯಾವುದು? ಕಾಲಿಗೆ ರಕ್ತ ಹರಿಯುತ್ತಿದೆಯೇ ಎಂದು ಡಾಪ್ಲರ್ ಪರೀಕ್ಷೆ ಮಾಡಿ ನೋಡಿದ್ದೀರಾ? ಕೊನೆಯ ಪ್ರಶ್ನೆಗೆ ಇಲ್ಲ ಎಂದರೆ ಅಲ್ಲಿಂದ ಎದ್ದು ಬನ್ನಿ. ರಕ್ತ ಹರಿಯದ ಕಾಲಿಗೆ ಮೊದಲು ಬೇಕಾದದ್ದು ರಕ್ತನಾಳದ ವೈದ್ಯರು.

ಸಕ್ಕರೆ ಕಾಯಿಲೆಯವರ ಪಾದದಲ್ಲಿ ಎಷ್ಟು ಸಣ್ಣ ಗಾಯವಾದರೂ ಒಂದೆರಡು ದಿನದೊಳಗೆ ವೈದ್ಯರಿಗೆ ತೋರಿಸಿ. ದುರ್ವಾಸನೆ, ಚರ್ಮ ಕಪ್ಪಾಗುವುದು, ಕೆಂಪು ಮೇಲಕ್ಕೆ ಹಬ್ಬುವುದು, ಚಳಿ ಜ್ವರ ಇವುಗಳಲ್ಲಿ ಒಂದು ಕಂಡರೂ ಅದೇ ದಿನ, ರಾತ್ರಿಯಾಗಿದ್ದರೂ ಸರಿ, ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಿ. ಅಂಥ ಹೊತ್ತಿನಲ್ಲಿ ನನ್ನ ದವಾಖಾನೆಗೂ ಬರಬೇಡಿ, ನೇರ ಅಲ್ಲಿಗೇ ಹೋಗಿ.